ನಾಳೆಯ ಗೇಮ್‌ಗೆ ಇಂದೇ ಪ್ರೊಸೆಸರ್ ಆರಿಸುವಾಗ: ಬಳ್ಳಿಗಿಂತ ಮೊದಲು ಮರ ನೋಡಿ

ಕೊಯ್ಲು ಮುಗಿದು, ಕಣದಲ್ಲಿ ಕೊನೆಯ ಚೆರಿ ಒಣಗುತ್ತಿದ್ದ ವಾರ. ಅಕ್ಕನ ಮಗ ಶನಿವಾರಸಂತೆಯಿಂದ ಬೈಕಿನಲ್ಲಿ ನಮ್ಮ ಮನೆಗೆ ಬಂದ. ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಕಾಫಿ ಮಾರಿದ ದುಡ್ಡಿನಲ್ಲಿ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಭಾವ ಮಾತು ಕೊಟ್ಟಿದ್ದರು. ಹುಡುಗ ಜೇಬಿನಿಂದ ಒಂದು ಚೀಟಿ ತೆಗೆದ. "ಮಾವ, ಒಂದ್ಸಲ ತಗೊಂಡ್ರೆ ಹತ್ತು ವರ್ಷ ಯಾವ ಗೇಮ್ ಬಂದ್ರೂ ಓಡಬೇಕು. ಈ ಪ್ರೊಸೆಸರ್ ಆಗುತ್ತಾ ನೋಡಿ."

ಚೀಟಿಯ ಮೊದಲ ಸಾಲಿನಲ್ಲಿ 24 ಕೋರ್‌ಗಳ, ಅಂದರೆ ಒಟ್ಟಿಗೆ ಕೆಲಸ ಮಾಡಬಲ್ಲ 24 ಕೈಗಳಿರುವ, ದುಬಾರಿ ಪ್ರೊಸೆಸರ್ ಇತ್ತು. ಅದಕ್ಕೆ ಕೊಟ್ಟು ಉಳಿದ ದುಡ್ಡಿಗೆ ಸಿಗುವ ಸಣ್ಣ ಗ್ರಾಫಿಕ್ಸ್ ಕಾರ್ಡ್ ಕೊನೆಯ ಸಾಲಿನಲ್ಲಿತ್ತು. ನಡುವೆ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಕೂರಿಸುವ ಹಲಗೆ) ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ. "ಅದು ಯಾವ್ದಾದ್ರೂ ಆಗುತ್ತೆ ಅಲ್ವಾ?" ಅಂದ.

ಹತ್ತು ವರ್ಷ ಬಾಳಬೇಕು ಎಂಬ ಆಸೆ ತಪ್ಪಲ್ಲ. ನಮ್ಮ ಕಡೆ ದೊಡ್ಡ ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ. ಬೆಲೆ ಬಿದ್ದರೆ, ಹೂಮಳೆ ಕೈಕೊಟ್ಟರೆ ಅದೂ ಇಲ್ಲ. ಎರಡೆರಡು ವರ್ಷಕ್ಕೆ ಕಂಪ್ಯೂಟರ್ ಬದಲಿಸುವ ಮನೆಗಳಲ್ಲ ನಮ್ಮವು. ಆದರೆ ಅವನು ಖಾಲಿ ಬಿಟ್ಟಿದ್ದ ಆ ಸಾಲೇ ಹತ್ತು ವರ್ಷದ ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧ, ಗೇಮ್ ಓಡುವಾಗ ಪ್ರೊಸೆಸರ್ ಮಾಡುವ ಕೆಲಸ ಏನು ಎಂಬುದರಲ್ಲಿದೆ. ಮೊದಲು ಅದನ್ನೇ ನೋಡೋಣ.

ಪರದೆಯ ಮೇಲೆ ಕಾಣುವ ಓಟ ನಿಜಕ್ಕೂ ಒಂದರ ಹಿಂದೆ ಒಂದು ಬರುವ ಚಿತ್ರಗಳು. ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದನ್ನು ತಯಾರು ಮಾಡಲು ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9 ಮಾತ್ರ. ಅಷ್ಟರೊಳಗೆ ಪ್ರೊಸೆಸರ್ ನೀವು ಒತ್ತಿದ ಕೀ ಓದಬೇಕು. ಎದುರಾಳಿ ಎತ್ತ ನಡೆಯುತ್ತಾನೆ, ಎಸೆದ ವಸ್ತು ಎಲ್ಲಿ ಬೀಳುತ್ತದೆ, ಯಾವುದು ಕಣ್ಣಿಗೆ ಕಾಣುತ್ತದೆ, ಯಾವುದು ಗೋಡೆಯ ಹಿಂದಿದೆ ಎಂದು ಲೆಕ್ಕ ಹಾಕಬೇಕು. ಕೊನೆಗೆ ಏನೇನು ಬರೆಯಬೇಕೆಂಬ ಪಟ್ಟಿ ಮಾಡಿ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡಬೇಕು. ಬಣ್ಣ, ಬೆಳಕು, ನೆರಳು ಕಾರ್ಡ್‌ನ ಕೆಲಸ. ಪಟ್ಟಿ ತಡವಾದರೆ ಎಷ್ಟು ದೊಡ್ಡ ಕಾರ್ಡ್ ಇದ್ದರೂ ಕೈಕಟ್ಟಿ ಕೂರುತ್ತದೆ.

ಕೋರ್‌ಗಳ ವಿಷಯ ತಿಳಿಯಲು ಕೊಯ್ಲಿನ ದಿನದ ಸಂಜೆ ನೆನಪಿಸಿಕೊಳ್ಳಿ. ಎಲ್ಲರೂ ಚೀಲ ಹೊತ್ತು ಬಂದು ಸಾಲಾಗಿ ಇಡುತ್ತಾರೆ. ತಕ್ಕಡಿ ಒಂದು, ಮೇಸ್ತ್ರಿ ಒಬ್ಬ. ಒಂದೊಂದೇ ಚೀಲ ತೂಗಿ, ಹೆಸರು ನೋಡಿ, ಪುಸ್ತಕದಲ್ಲಿ ಕೆಜಿ ಬರೆದುಕೊಳ್ಳುತ್ತಾನೆ. ಹತ್ತು ಜನರ ಬದಲು ಮೂವತ್ತು ಜನ ಬಂದರೆ ಅಷ್ಟೇ ಕಾಫಿಯನ್ನು ಬೇಗ ಕೊಯ್ದು ಮುಗಿಸಬಹುದು. ತೂಗುವುದಕ್ಕೆ ಮಾತ್ರ ಮೊದಲಿನಷ್ಟೇ ಹೊತ್ತು ಬೇಕು. ಅದನ್ನು ಬೇಗ ಮಾಡಲು ಚುರುಕಾದ ಮೇಸ್ತ್ರಿಯೇ ಬೇಕು.

ಗೇಮ್‌ನಲ್ಲೂ ಹಾಗೆ. ಹಂಚಿ ಮಾಡಬಹುದಾದ ಕೆಲಸ ಬಹಳ ಇದೆ. ಆದರೆ ಒಂದಾದ ಮೇಲೆ ಒಂದು ಮಾಡಲೇಬೇಕಾದ ಕೆಲಸವೂ ಇದೆ. ಅದನ್ನು ಹೊರುವ ಎಳೆಗೆ ಮೇನ್ ಥ್ರೆಡ್ ಎನ್ನುತ್ತಾರೆ. ಅದು ಒಂದು ಹೊತ್ತಿಗೆ ಒಂದೇ ಕೋರ್ ಮೇಲೆ ಓಡುತ್ತದೆ. ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲೇ ಇದರ ಮಿತಿ ತೋರಿಸಿಕೊಟ್ಟಿದ್ದರು. ಕೆಲಸದ ಕಾಲುಭಾಗ ಹಂಚಲಾಗದ್ದು ಎಂದುಕೊಳ್ಳಿ. ಆಗ ಕೈಗಳು ಎಷ್ಟೇ ಇರಲಿ, ಒಟ್ಟು ವೇಗ ನಾಲ್ಕು ಪಟ್ಟು ದಾಟುವುದಿಲ್ಲ. 24 ಕೋರ್ ಇದ್ದರೂ ಅಷ್ಟೇ, 100 ಇದ್ದರೂ ಅಷ್ಟೇ.

ಹಾಗಂತ ಕೋರ್ ಲೆಕ್ಕಕ್ಕೇ ಇಲ್ಲ ಎಂದಲ್ಲ. ಇಬ್ಬರೇ ಕೊಯ್ದರೆ ಚುರುಕಾದ ಮೇಸ್ತ್ರಿಯೂ ಸುಮ್ನೆ ಕಾಯುತ್ತಾನೆ. ಎಷ್ಟು ಸಾಕು ಎಂಬುದಕ್ಕೆ ಒಂದು ಒಳ್ಳೆಯ ಅಳತೆ ಇದೆ: ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ, ಅಂದರೆ ಗೇಮಿಂಗ್ ಕನ್ಸೋಲ್. ದೊಡ್ಡ ಗೇಮ್‌ಗಳಲ್ಲಿ ಬಹುಪಾಲು ಕನ್ಸೋಲ್ ಮತ್ತು ಪಿಸಿ ಎರಡಕ್ಕೂ ತಯಾರಾಗುತ್ತವೆ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಎಂಡಿ ಕಂಪನಿಯ ಝೆನ್ 2 ಜಾತಿಯ 8 ಕೋರ್ ಇದೆ. ವೇಗ 3.5ರಿಂದ 3.8 ಗಿಗಾಹರ್ಟ್ಸ್ ಆಸುಪಾಸು. ಅದರಲ್ಲೂ ಒಂದಿಷ್ಟು ಪಾಲು ಕನ್ಸೋಲ್‌ನ ಸ್ವಂತ ಕೆಲಸಕ್ಕೆ ಹೋಗುತ್ತದೆ. ಎಎಂಡಿಯದೇ ಇವತ್ತಿನ ಪ್ರೊಸೆಸರ್ ರೈಜನ್ 5 7600ರಲ್ಲಿ 6 ಕೋರ್ ಇದ್ದರೂ ಒಂದೊಂದೂ ಅದಕ್ಕಿಂತ ಹೊಸ ಜಾತಿಯದು, 5.1 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. ಆದ್ದರಿಂದ ಈ ಕನ್ಸೋಲ್‌ಗಳಿಗಾಗಿ ಗೇಮ್ ಮಾಡುವ ಕಾಲ ಮುಗಿಯುವವರೆಗೂ ವೇಗದ 6 ಕೋರ್‌ಗೆ ಅಂಥ ಭಯವಿಲ್ಲ. 8 ಇದ್ದರೆ ಇನ್ನೂ ನಿಶ್ಚಿಂತೆ. ಹೊಸದಾಗಿ ಕೊಳ್ಳುವವರು 4 ಕೋರ್ ಮಾತ್ರ ಬೇಡ.

"ಈಗ ನಿಧಾನ ಆದ್ರೂ ಮುಂದೆ ಕೋರ್ ಉಪಯೋಗಕ್ಕೆ ಬರುತ್ತೆ ಬಿಡಿ" ಎಂದು ಹುಡುಗ ವಾದ ಮಾಡಿದ. ಈ ಮಾತು ಹಳೆಯದು. 2011ರಲ್ಲಿ ಎಎಂಡಿಯ ಎಫ್ಎಕ್ಸ್-8150 ಬಂದಾಗ 8 ಕೋರ್ ಎಂದು ಮಾರಾಟವಾಯಿತು. ಅದೇ ವರ್ಷದ ಜನವರಿಯಲ್ಲಿ ಬಂದಿದ್ದ ಇಂಟೆಲ್ ಐ5-2500ಕೆಯಲ್ಲಿ ಇದ್ದದ್ದು 4. ಮುಂದೆ ಗೇಮ್‌ಗಳು 8 ಕೋರ್ ಬಳಸುತ್ತವೆ, ಆಗ ಎಫ್ಎಕ್ಸ್ ಗೆಲ್ಲುತ್ತದೆ ಎಂದು ಬಹಳ ಜನ ನಂಬಿದರು. ಆದರೆ ಅದರ ಕೋರ್‌ಗಳು ಎರಡೆರಡು ಜೋಡಿಯಾಗಿ ಕೆಲವು ಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. ಒಂದೊಂದರ ವೇಗವೂ ಕಡಿಮೆ. ಗೇಮ್‌ಗಳು ಜಾಸ್ತಿ ಕೋರ್ ಬಳಸಲು ಕಲಿಯುವ ಹೊತ್ತಿಗೆ ಆ ಕೋರ್‌ಗಳಿಗೇ ವಯಸ್ಸಾಗಿತ್ತು.

2500ಕೆ ಕೂಡ ಅಮರವಾಗಲಿಲ್ಲ. ಒಟ್ಟಿಗೆ 4 ಎಳೆ (ಥ್ರೆಡ್) ಮಾತ್ರ ಓಡಿಸಬಲ್ಲ ಅದು ಕೆಲವು ವರ್ಷಗಳ ನಂತರ ದೊಡ್ಡ ಗೇಮ್‌ಗಳಲ್ಲಿ ತಡವರಿಸತೊಡಗಿತು. ಅದರ ಅಣ್ಣ ಐ7-2600ಕೆಗೂ 4 ಕೋರೇ. ಆದರೆ ಕೋರ್ ಒಂದಕ್ಕೆ ಎರಡರಂತೆ 8 ಎಳೆ ಇದ್ದದ್ದರಿಂದ ಇನ್ನಷ್ಟು ವರ್ಷ ಎಳೆಯಿತು. ಇದನ್ನೆಲ್ಲ ನೋಡಿ ನಾನು ಇಟ್ಟುಕೊಂಡಿರುವ ಕ್ರಮ ಇದು: ಮೊದಲು ಒಂದು ಕೋರ್‌ನ ಓಟ ನೋಡಬೇಕು. ಆಮೇಲೆ ಇವತ್ತಿನ ಗೇಮ್‌ಗೆ ಬೇಕಾದಷ್ಟು ಕೋರ್ ಇದೆಯೇ, ಸ್ವಲ್ಪ ಮಿಗುತ್ತದೆಯೇ ಎಂದು ನೋಡಬೇಕು. ಅದರಾಚೆಗಿನ ಕೋರ್ ವಿಡಿಯೊ ಎಡಿಟಿಂಗ್, ಕೋಡ್ ಕಂಪೈಲ್‌ನಂಥ ಕೆಲಸಕ್ಕೆ. ಅದು ಬೇಕಿದ್ದವರು ಕೊಳ್ಳಲಿ.

ಅಡುಗೆಮನೆಯ ಕಪಾಟು ಮತ್ತು ಶನಿವಾರದ ಸಂತೆ

ಕೋರ್‌ಗಿಂತ ಗುಟ್ಟಾದ ವಿಷಯ ಕ್ಯಾಶ್, ಅಂದರೆ ಪ್ರೊಸೆಸರ್ ತನ್ನೊಳಗೇ ಇಟ್ಟುಕೊಂಡಿರುವ ಪುಟ್ಟ ನೆನಪಿನ ಕಪಾಟು. ಅಂಗಡಿಯಲ್ಲಿ ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಗೇಮ್ ಆಡುವವರಿಗೆ ಇದಕ್ಕಿಂತ ಮುಖ್ಯವಾದ ಅಂಕಿ ಪ್ರೊಸೆಸರ್ ಡಬ್ಬಿಯ ಮೇಲೆ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

5 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರ್ ಒಂದು ನ್ಯಾನೊಸೆಕೆಂಡಿನಲ್ಲಿ ಐದು ಹೆಜ್ಜೆ ಹಾಕುತ್ತದೆ. ಅದಕ್ಕೆ ಬೇಕಾದ ಮಾಹಿತಿ ಪ್ರೊಸೆಸರ್ ಒಳಗಿನ ಎಲ್3 ಕ್ಯಾಶ್‌ನಲ್ಲಿ ಇದ್ದರೆ ಸುಮಾರು 10 ನ್ಯಾನೊಸೆಕೆಂಡಿನಲ್ಲಿ ಕೈಗೆ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಪ್ರೊಸೆಸರ್ ಹೊರಗಿನ ದೊಡ್ಡ ನೆನಪಿನ ಉಗ್ರಾಣವಾದ ರ‍್ಯಾಮ್‌ವರೆಗೆ ಹೋಗಬೇಕು. ಹೋಗಿ ಬರಲು 70-80 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಂದರೆ ಮುನ್ನೂರೈವತ್ತಕ್ಕೂ ಹೆಚ್ಚು ಹೆಜ್ಜೆ ಹಾಕುವಷ್ಟು ಹೊತ್ತು. ಸಾರಿಗೆ ಉಪ್ಪು ಬೇಕಾದಾಗ ಕೈಗೆಟಕುವ ಕಪಾಟಿನಲ್ಲಿ ಇರುವುದಕ್ಕೂ, ಒಲೆ ಮೇಲೆ ಪಾತ್ರೆ ಇಟ್ಟು ಸಂತೆಗೆ ಹೋಗಿ ಬರುವುದಕ್ಕೂ ಇರುವ ವ್ಯತ್ಯಾಸ. ಮುಂದಕ್ಕೆ ಬೇಕಾದದ್ದನ್ನು ಊಹಿಸಿ ತಂದಿಟ್ಟುಕೊಳ್ಳುವ ಜಾಣತನ ಪ್ರೊಸೆಸರ್‌ಗೂ ಇದೆ. ಆದರೆ ಆಟಗಾರ ಯಾವ ಕಡೆ ತಿರುಗುತ್ತಾನೆ, ಯಾವ ಬಾಗಿಲು ತೆಗೆಯುತ್ತಾನೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಸಂತೆಯ ಓಡಾಟ ಜಾಸ್ತಿಯಾಗುವುದು ಇದಕ್ಕೇ.

2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಇದನ್ನು ಎಲ್ಲರಿಗೂ ಕಾಣಿಸಿತು. ಅದರ ಮೊದಲಿನ 5800ಎಕ್ಸ್‌ನಲ್ಲಿದ್ದ 8 ಕೋರೇ ಇದರಲ್ಲೂ ಇದ್ದದ್ದು. ವೇಗ 4.7ರಿಂದ 4.5 ಗಿಗಾಹರ್ಟ್ಸ್‌ಗೆ ಇಳಿದಿತ್ತು ಕೂಡ. ಆದರೆ ಚಿಪ್ ಮೇಲೆ ಇನ್ನೊಂದು ಚಿಪ್ ಅಂಟಿಸಿ ಎಲ್3 ಕ್ಯಾಶನ್ನು 32ರಿಂದ 96 ಎಂಬಿಗೆ ಏರಿಸಿದ್ದರು. ಗೇಮ್‌ಗಳಲ್ಲಿ ಅದು ಎಷ್ಟೋ ದುಬಾರಿ ಪ್ರೊಸೆಸರ್‌ಗಳನ್ನು ಹಿಂದೆ ಹಾಕಿತು. ಅದೇ ದಾರಿಯಲ್ಲಿ 2023ರಲ್ಲಿ 7800ಎಕ್ಸ್3ಡಿ, 2024ರ ನವೆಂಬರಿನಲ್ಲಿ 9800ಎಕ್ಸ್3ಡಿ ಬಂದವು. ಎರಡಕ್ಕೂ 8 ಕೋರ್, 96 ಎಂಬಿ ಕ್ಯಾಶ್. ಇಂಟೆಲ್‌ನ 24 ಕೋರ್‌ಗಳ ಐ9-14900ಕೆ, ಕೋರ್ ಅಲ್ಟ್ರಾ 9 285ಕೆ ಎರಡನ್ನೂ 9800ಎಕ್ಸ್3ಡಿ ಗೇಮ್‌ಗಳ ಸರಾಸರಿಯಲ್ಲಿ ಸ್ಪಷ್ಟವಾಗಿ ಮೀರಿಸುತ್ತದೆ. ಹುಡುಗನಿಗೆ ಇದನ್ನು ಹೇಳಿದಾಗ ಚೀಟಿಯ ಮೊದಲ ಸಾಲಿಗೆ ತಾನೇ ಗೀಟು ಎಳೆದ.

ಕ್ಯಾಶ್ ನೋಡುವ ಅಭ್ಯಾಸ ಇಟ್ಟುಕೊಂಡರೆ ಇನ್ನೊಂದು ಉಪಕಾರ ಇದೆ. ಹೆಸರು ನೋಡಿ ಮೋಸ ಹೋಗುವುದಿಲ್ಲ. ರೈಜನ್ 5 5500 ಮತ್ತು 5600 ಅಕ್ಕಪಕ್ಕದ ಮನೆಯವರಂತೆ ಕಾಣುತ್ತವೆ. ಎರಡಕ್ಕೂ 6 ಕೋರ್. ಆದರೆ 5500ರಲ್ಲಿ ಎಲ್3 ಕ್ಯಾಶ್ 16 ಎಂಬಿ, 5600ರಲ್ಲಿ 32. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ದಾರಿಯೂ ಮೊದಲನೆಯದರಲ್ಲಿ ಹಳೆಯ ಪಿಸಿಐಇ 3.0, ಎರಡನೆಯದರಲ್ಲಿ ಅದಕ್ಕಿಂತ ವೇಗದ 4.0. ಹೊಸ ಸಾಲಿನಲ್ಲಿ ರೈಜನ್ 5 8400ಎಫ್ ಎಂಬುದಿದೆ. ಸಂಖ್ಯೆ ನೋಡಿದರೆ 7600ಗಿಂತ ದೊಡ್ಡದು. ಕ್ಯಾಶ್ ಮಾತ್ರ ಅದರ ಅರ್ಧ, 16 ಎಂಬಿ. ಅಂಗಡಿಯಲ್ಲಿ "ಇದು ಅದಕ್ಕಿಂತ ಹೊಸದು ಸರ್" ಎಂದರೆ ನಂಬುವ ಮೊದಲು ಈ ಒಂದು ಅಂಕಿ ಕೇಳಿ.

ರ‍್ಯಾಮ್ ಬಗ್ಗೆ ಎರಡೇ ಮಾತು. ಒಂದು ಕಡ್ಡಿಗಿಂತ ಎರಡು ಕಡ್ಡಿ ಒಳ್ಳೆಯದು, ಸಂತೆಗೆ ಎರಡು ರಸ್ತೆ ಇದ್ದಂತೆ. ನನ್ನ ಹಳೆಯ ಮೆಷಿನ್‌ಗೆ ಅಂಗಡಿಯವರೊಬ್ಬರು ಒಂದೇ ಕಡ್ಡಿ ಹಾಕಿ ಕಳಿಸಿದ್ದರು. ಎರಡು ವರ್ಷ ಪ್ರೊಸೆಸರ್ ಸರಿಯಿಲ್ಲ ಎಂದುಕೊಂಡಿದ್ದೆ. ಎರಡನೇ ಕಡ್ಡಿ ಹಾಕಿದ ದಿನ ಅದೇ ಗೇಮ್‌ನಲ್ಲಿ ತಡವರಿಕೆ ಬಹಳಷ್ಟು ಹೋಯಿತು. ಇನ್ನೊಂದು, 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಕೇಂದ್ರಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದೇ ಕಾರಣ. ಮನೆಯಲ್ಲಿ ಹಿಂದಿನ ತಲೆಮಾರಿನ ಒಳ್ಳೆಯ ಡಿಡಿಆರ್4 ರ‍್ಯಾಮ್ ಇದ್ದವರು ಅದನ್ನೇ ಉಳಿಸಿಕೊಂಡು ರೈಜನ್ 5600 ಅಥವಾ ಇಂಟೆಲ್ ಐ5-12400ಎಫ್ ಹಾಕಿಸಿಕೊಂಡು ಕೆಲವು ವರ್ಷ ಆರಾಮಾಗಿ ಆಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸರಾಸರಿ ಮುಚ್ಚಿಡುವ ಸಂಗತಿ

ಪ್ರೊಸೆಸರ್‌ಗೆ ವಯಸ್ಸಾದದ್ದು ಸರಾಸರಿ ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಲೆಕ್ಕ) ಮೊದಲು ಕಾಣುವುದಿಲ್ಲ. ಸರಾಸರಿ 90 ಇದ್ದರೂ ನಡುನಡುವೆ ಚಿತ್ರ ಕಚ್ಚಿಕೊಂಡಂತೆ ಆಗುತ್ತದೆ. ಗಾಡಿ ಓಡಿಸುತ್ತಾ ಹೊಸ ಬೀದಿಗೆ ತಿರುಗಿದಾಗ, ಸುತ್ತ ಹತ್ತು ಜನ ಒಟ್ಟಿಗೆ ಗುಂಡು ಹಾರಿಸಿದಾಗ ಒಂದು ಕ್ಷಣ ನಿಂತು ಹೋಗುತ್ತದೆ. ಆದ್ದರಿಂದ ಪರೀಕ್ಷೆಯ ವಿಡಿಯೊ ನೋಡುವಾಗ "1% ಲೋ" ಎಂಬ ಸಾಲು ಹುಡುಕಿ. ನೂರರಲ್ಲಿ ಅತಿ ನಿಧಾನವಾದ ಒಂದು ಪಾಲು ಫ್ರೇಮ್‌ಗಳ ಲೆಕ್ಕ ಅದು. ನಾಲ್ಕು ವರ್ಷದ ನಂತರ ನಿಮಗೆ ಬೇಸರ ತರಿಸುವ ಅಂಕಿ ಅದೇ.

ಇನ್ನೊಂದು ಮಾತು ತುಂಬ ಜನರಿಗೆ ತಲೆಕೆಳಗಾಗಿ ಕಾಣುತ್ತದೆ. ಪ್ರೊಸೆಸರ್‌ನ ನಾಳೆ ತಿಳಿಯಬೇಕಾದರೆ ಅದನ್ನು ಪರದೆಯ ಚುಕ್ಕಿ ಕಡಿಮೆ ಇಟ್ಟು, ಅಂದರೆ ಕಡಿಮೆ ರೆಸಲ್ಯೂಶನ್‌ನಲ್ಲಿ ಪರೀಕ್ಷೆ ಮಾಡಿದ್ದನ್ನು ನೋಡಬೇಕು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ. 4ಕೆಯಲ್ಲಿ ಸುಮಾರು 83 ಲಕ್ಷ. ಚುಕ್ಕಿ ನಾಲ್ಕು ಪಟ್ಟಾದರೆ ಹೊರೆ ಬೀಳುವುದು ಕಾರ್ಡ್ ಮೇಲೆ. ಪ್ರೊಸೆಸರ್ ಮಾಡುವ ಪಟ್ಟಿ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 4ಕೆ ಪರೀಕ್ಷೆಯಲ್ಲಿ ಎಲ್ಲ ಪ್ರೊಸೆಸರ್‌ಗಳೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ನಿಜಕ್ಕೂ ಅಲ್ಲಿ ಅಳೆದದ್ದು ಕಾರ್ಡನ್ನು. ನಾಳೆ ನೀವು ದೊಡ್ಡ ಕಾರ್ಡ್ ಹಾಕಿದಾಗ ಪ್ರೊಸೆಸರ್ ಎಲ್ಲಿಯವರೆಗೆ ಕೈಜೋಡಿಸುತ್ತದೆ ಎಂಬುದು 1080ಪಿ ಪರೀಕ್ಷೆಯಲ್ಲಿ ಇವತ್ತೇ ಗೊತ್ತಾಗುತ್ತದೆ.

"4ಕೆಯಲ್ಲಿ ಆಡೋರಿಗೆ ಪ್ರೊಸೆಸರ್ ಮುಖ್ಯ ಅಲ್ಲ" ಎಂಬ ಮಾತು ಈಗ ಪೂರ್ತಿ ನಿಜವೂ ಅಲ್ಲ. ಡಿಎಲ್ಎಸ್ಎಸ್‌ನಂಥ ತಂತ್ರ ಕಡಿಮೆ ಚುಕ್ಕಿಯಲ್ಲಿ ಚಿತ್ರ ಬರೆದು ಹಿಗ್ಗಿಸುತ್ತದೆ. ಅದರ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 4ಕೆ ಎಂದು ಕಾಣುವುದನ್ನು ಒಳಗೆ 1080ಪಿಯಲ್ಲೇ ಬರೆಯುತ್ತಾರೆ. ಕಾರ್ಡ್‌ನ ಹೊರೆ ಇಳಿಯುತ್ತದೆ, ಬೇಗ ಬೇಗ ಪಟ್ಟಿ ಕೊಡಬೇಕಾದ ಹೊರೆ ಪ್ರೊಸೆಸರ್‌ಗೆ ಏರುತ್ತದೆ. ಬೆಳಕು, ನೆರಳನ್ನು ನಿಜದಂತೆ ಕಾಣಿಸುವ ರೇ ಟ್ರೇಸಿಂಗ್ ಹಾಕಿದರೆ ಬೆಳಕಿನ ಲೆಕ್ಕಕ್ಕೆ ಬೇಕಾದ ಸಿದ್ಧತೆಯೂ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ರೇಮ್ ಜನರೇಷನ್ ನಡುವೆ ಹೆಚ್ಚುವರಿ ಫ್ರೇಮ್ ಸೇರಿಸಿ ಓಟ ನಯವಾಗಿ ಕಾಣುವಂತೆ ಮಾಡುತ್ತದೆ. ಆದರೆ ಮೌಸ್ ತಿರುಗಿಸಿದ ಕೂಡಲೇ ಸಿಗಬೇಕಾದ ಉತ್ತರ ಅದರಿಂದ ಬೇಗ ಸಿಗುವುದಿಲ್ಲ. ಅದು ನಿಜವಾದ ಫ್ರೇಮ್‌ಗಳಿಂದಲೇ ಬರಬೇಕು.

ಕಾರ್ಡ್‌ನ ಜಾತಿಯೂ ಪ್ರೊಸೆಸರ್‌ನ ಆಯಸ್ಸು ತಿನ್ನಬಹುದು. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಒಳ್ಳೆಯ ಬೆಲೆಯ ಕಾರ್ಡ್ ಎಂದು ಹೆಸರಾಯಿತು. ಹಳೆಯ ಪ್ರೊಸೆಸರ್ ಜೊತೆ ಹಾಕಿದರೆ ಕೆಲವು ಗೇಮ್‌ಗಳಲ್ಲಿ ತುಂಬ ಹಿಂದೆ ಬೀಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಪ್ರೊಸೆಸರ್‌ನಿಂದ ಜಾಸ್ತಿ ಕೆಲಸ ಕೇಳುತ್ತದೆ.

ಈಗಿನ ನಿಮ್ಮ ಮೆಷಿನ್‌ನಲ್ಲಿ ಯಾರು ಸುಸ್ತಾಗಿದ್ದಾರೆ ಎಂದು ತಿಳಿಯಲು ದುಡ್ಡು ಬೇಡ. ಗೇಮ್‌ನ ರೆಸಲ್ಯೂಶನ್ ಒಂದು ಮೆಟ್ಟಿಲು ಇಳಿಸಿ ನೋಡಿ. ಎಫ್‌ಪಿಎಸ್ ಏರಿದರೆ ಕಾರ್ಡ್ ಸುಸ್ತು. ಏರದೆ ಅಲ್ಲೇ ನಿಂತರೆ ಹೆಚ್ಚಿನ ಸಲ ಪ್ರೊಸೆಸರ್ ಸುಸ್ತು.

ಬಾಗಿಲು ಹಾಕಿದಾಗ

ವೇಗ ಇದ್ದೂ ಪ್ರೊಸೆಸರ್ ಹೊರಗೆ ಬೀಳುವ ಸಂದರ್ಭ ಇದೆ. 2017ರ ಜನವರಿಯಲ್ಲಿ ಬಂದ ಐ7-7700ಕೆ ಆಗಿನ ಕಾಲಕ್ಕೆ ಗೇಮ್‌ನ ರಾಜ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಅದಕ್ಕೆ ಹೊಂದುವ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿ ಇಂಟೆಲ್‌ನ 8ನೇ ತಲೆಮಾರಿನಿಂದ, ರೈಜನ್‌ನ 2000 ಸಾಲಿನಿಂದ ಶುರುವಾಯಿತು. 7ನೇ ತಲೆಮಾರಿನ 7700ಕೆ ಹೊರಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದೇ ಹೋಯಿತು. ವ್ಯಾಲರಂಟ್ ಆಡಲು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆ ಬೇಕು. ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ. ಮೋಸದ ಆಟ ತಡೆಯಲು ಇಂಥ ಬೀಗಗಳು ಇನ್ನೂ ಹೆಚ್ಚಾಗುತ್ತವೆ ಎಂದೇ ನನ್ನ ಎಣಿಕೆ. ಹಾಗಾಗಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ತೀರ ಹಳೆಯ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತರುವವರು ವೇಗದ ಜೊತೆ ಈ ಪಟ್ಟಿಯನ್ನೂ ನೋಡಬೇಕು.

ಬಳ್ಳಿ ಹೋದರೂ ಮರ ಇರುತ್ತದೆ

ಈಗ ಆ ಖಾಲಿ ಸಾಲಿಗೆ ಬರೋಣ. ತೋಟದಲ್ಲಿ ಕಾಳುಮೆಣಸು ಹಬ್ಬಿಸಲು ಸಿಲ್ವರ್ ಓಕ್, ಹಾಲುವಾಣ ಇರುತ್ತವೆ. ಮಳೆಗಾಲದಲ್ಲಿ ಸೊರಗು ರೋಗ ಬಂದು ಬಳ್ಳಿ ಹೋಗುತ್ತದೆ. ಮರ ಗಟ್ಟಿಯಾಗಿದ್ದರೆ ಅದರ ಬುಡದಲ್ಲೇ ಇನ್ನೊಂದು ಬಳ್ಳಿ ನೆಡುತ್ತೇವೆ. ಮರವೇ ಹೋದರೆ ಮೊದಲಿನಿಂದ ಶುರು ಮಾಡಬೇಕು. ಮದರ್‌ಬೋರ್ಡ್ ಮತ್ತು ಅದರಲ್ಲಿ ಪ್ರೊಸೆಸರ್ ಕೂರುವ ಜಾಗವಾದ ಸಾಕೆಟ್ ಈ ಮರ. ಪ್ರೊಸೆಸರ್ ಬಳ್ಳಿ.

2017ರಲ್ಲಿ ಇಬ್ಬರು ಎಎಂಡಿಯ ಎಎಂ4 ಸಾಕೆಟ್‌ನ ಬೋರ್ಡ್ ಕೊಂಡರು ಎಂದುಕೊಳ್ಳಿ. ಒಬ್ಬರು ಮುಂದಕ್ಕಾಗುತ್ತದೆ ಎಂದು 8 ಕೋರ್‌ಗಳ ರೈಜನ್ 7 1700 ಹಾಕಿಸಿದರು. ಇನ್ನೊಬ್ಬರು 6 ಕೋರ್‌ಗಳ ರೈಜನ್ 5 1600 ಹಾಕಿಸಿ ಉಳಿದ ದುಡ್ಡು ಬ್ಯಾಂಕಿನಲ್ಲಿಟ್ಟರು. ಐದು ವರ್ಷದ ನಂತರ ಎರಡನೆಯವರು ಅದೇ ಬೋರ್ಡ್‌ಗೆ, ಅದೇ ರ‍್ಯಾಮ್ ಜೊತೆ 5800ಎಕ್ಸ್3ಡಿ ಕೂರಿಸಬಹುದಿತ್ತು. ಆ ಹೊತ್ತಿಗೆ 1700 ಹತ್ತಿರಕ್ಕೂ ಬರುವ ಮಾತಿಲ್ಲ. 2017ರ ರೈಜನ್‌ಗಳು ವಿಂಡೋಸ್ 11ರ ಪಟ್ಟಿಯಿಂದ ಹೊರಗಿದ್ದವು, ಹೊಸ ಬಳ್ಳಿ ಒಳಗಿತ್ತು. ಬೀಗದ ತೊಂದರೆಯನ್ನೂ ಮರವೇ ಬಿಡಿಸಿಕೊಟ್ಟಿತು.

ಇಂಟೆಲ್ ಕಡೆ ಸಾಕೆಟ್ ಬೇಗ ಬೇಗ ಬದಲಾಗುತ್ತ ಬಂದಿದೆ. 2020ರಲ್ಲಿ ಬಂದ ಎಲ್‌ಜಿಎ1200 ಎರಡು ತಲೆಮಾರು ಕಂಡಿತು. 2021ರ ಎಲ್‌ಜಿಎ1700 ಹನ್ನೆರಡರಿಂದ ಹದಿನಾಲ್ಕನೇ ತಲೆಮಾರಿನವರೆಗೆ ನಡೆಯಿತು. 2024ರ ಅಕ್ಟೋಬರಿನಲ್ಲಿ ಎಲ್‌ಜಿಎ1851 ಬಂದು ಅದಕ್ಕೆ ತೆರೆ ಎಳೆಯಿತು. ಎಎಂಡಿ 2022ರಲ್ಲಿ ಎಎಂ5 ತಂದಿತು. 2024ರಲ್ಲಿ, ಇದಕ್ಕೆ 2027ರವರೆಗೆ ಮತ್ತು ಅದರಾಚೆಗೂ ಹೊಸ ಪ್ರೊಸೆಸರ್ ಬರುತ್ತವೆ ಎಂದು ಹೇಳಿತು. ಕಂಪನಿಯ ಮಾತು ಕಲ್ಲಿನ ಗೆರೆಯಲ್ಲ. 2020ರಲ್ಲಿ ಎಎಂ4ನ 400 ಸಾಲಿನ ಬೋರ್ಡ್‌ಗಳಿಗೆ ಝೆನ್ 3 (ರೈಜನ್ 5000 ಸಾಲು) ಬೆಂಬಲ ಕೊಡುವುದಿಲ್ಲ ಎಂದು ಇದೇ ಎಎಂಡಿ ಹೇಳಿತ್ತು. ಜನ ಸಿಟ್ಟಾದ ಮೇಲೆ ಮನಸ್ಸು ಬದಲಿಸಿತು. 2017ರ 300 ಸಾಲಿನ ಬೋರ್ಡ್‌ಗಳಿಗೆ ಅಧಿಕೃತ ಬೆಂಬಲ ಸಿಗಲು 2022 ಬರಬೇಕಾಯಿತು. ಆದರೂ ಇವತ್ತು ಹೊಸದಾಗಿ ಕಟ್ಟಿಸುವ ಗೇಮಿಂಗ್ ಪಿಸಿಗೆ ನಾನು ಎಎಂ5 ಬಿಟ್ಟು ಬೇರೆ ಹೇಳುವುದಿಲ್ಲ. ಈಗಾಗಲೇ 9800ಎಕ್ಸ್3ಡಿ ಅದರ ಮೇಲೆ ಕೂರುತ್ತದೆ. ಮುಂದೆ ಏನೂ ಬರದಿದ್ದರೂ ಏರಲು ಅಷ್ಟು ದೊಡ್ಡ ಮೆಟ್ಟಿಲು ಮೊದಲೇ ಇದೆ.

ಮರ ಎಂದರೆ ಯಾವ ಮರವೂ ಆಗದು. ಎಎಂ5ನ ಅಗ್ಗದ ಎ620 ಬೋರ್ಡ್‌ಗಳಲ್ಲಿ ಕೆಲವು ಜಾಸ್ತಿ ಕರೆಂಟ್ ಎಳೆಯುವ ಪ್ರೊಸೆಸರ್‌ಗೆ ಪೂರ್ತಿ ಶಕ್ತಿ ಕೊಡಲಾರವು. ಬಿ650 ಸಾಲಿನಲ್ಲಿ ಒಂದು ಸಾಧಾರಣ ಬೋರ್ಡ್ ಸಾಕು. ಬಣ್ಣದ ದೀಪಕ್ಕೆ ದುಡ್ಡು ಬೇಡ. ನೀವು ಮುಂದೆ ಹಾಕಬಹುದಾದ ದೊಡ್ಡ ಪ್ರೊಸೆಸರ್‌ನ ಹೆಸರು ಆ ಬೋರ್ಡ್‌ನ ಪಟ್ಟಿಯಲ್ಲಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಮಂಜು, ಗುಡುಗು, ಕರೆಂಟು

ನಮ್ಮ ಊರಿಗೆ ಮಾತ್ರ ಹೊಂದುವ ಕೆಲವು ಲೆಕ್ಕಗಳಿವೆ. ಚಳಿ ಇರುವ ಕಡೆ ಪ್ರೊಸೆಸರ್ ತಂಪಾಗಿಡುವುದು ಸುಲಭ. 65 ವ್ಯಾಟ್‌ನ ಪ್ರೊಸೆಸರ್‌ಗೆ ಡಬ್ಬಿಯಲ್ಲೇ ಬರುವ ಫ್ಯಾನ್ ಸಾಕು. ನೀರಿನ ಕೂಲರ್‌ಗೆ ಕೊಡುವ ದುಡ್ಡನ್ನು ಯುಪಿಎಸ್‌ಗೆ ಕೊಡಿ. ಜೂನ್ ಬಂದರೆ ಮರ ಬಿದ್ದು ತಂತಿ ಹರಿಯುತ್ತದೆ, ಏಪ್ರಿಲ್‌ನಲ್ಲಿ ಗುಡುಗು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಐ9-14900ಕೆ ಪೂರ್ತಿ ಹೊರೆ ಬಿದ್ದಾಗ ತಾನೊಂದೇ 253 ವ್ಯಾಟ್ ಎಳೆಯಬಲ್ಲದು. ಗ್ರಾಫಿಕ್ಸ್ ಕಾರ್ಡ್ ಅದರ ಮೇಲೆ. 7800ಎಕ್ಸ್3ಡಿ ಗೇಮ್ ಆಡುವಾಗ ಸಾಮಾನ್ಯವಾಗಿ 100 ವ್ಯಾಟ್ ಒಳಗೇ ಇರುತ್ತದೆ. ಕರೆಂಟ್ ಹೋದಾಗ ಆಟ ಸೇವ್ ಮಾಡಿ ಮೆಷಿನ್ ಆಫ್ ಮಾಡುವಷ್ಟು ಹೊತ್ತು ಸಿಗುವುದು ಈ ವ್ಯತ್ಯಾಸದಲ್ಲಿ.

ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್‌ಗೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ ನಿಜ. ಆದರೆ ಒಂದು ಆಟಿ ತಿಂಗಳಲ್ಲಿ ನನ್ನ ಕಾರ್ಡ್ ಕೆಟ್ಟಿತು. ವಾರಂಟಿಗೆ ಮೈಸೂರಿಗೆ ಕಳಿಸಿದೆ. ಅದು ವಾಪಸ್ ಬರುವವರೆಗೆ ಆ ಮೆಷಿನ್‌ನಲ್ಲಿ ಬ್ಯಾಂಕ್ ಕೆಲಸವನ್ನೂ ಮಾಡಲಾಗಲಿಲ್ಲ. ರೈಜನ್ 7600ರಲ್ಲಿ ಪುಟ್ಟ ಗ್ರಾಫಿಕ್ಸ್ ಒಳಗೇ ಇದೆ. ಗೇಮ್‌ಗೆ ಆಗದು, ಆದರೆ ಪರದೆ ಹೊತ್ತಿಕೊಳ್ಳುತ್ತದೆ. ಸರ್ವಿಸ್ ಸೆಂಟರ್ ದೂರ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಮಳೆಗಾಲದಲ್ಲಿ ಮೆಷಿನ್‌ಗೆ ಬಟ್ಟೆ ಹೊದಿಸಿ ತಿಂಗಳುಗಟ್ಟಲೆ ಇಡಬೇಡಿ. ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಬೋರ್ಡ್‌ಗೂ ತೇವ ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆ ಓಡಿಸಿ, ಅದರ ಬಿಸಿಯೇ ಅದನ್ನು ಕಾಯುತ್ತದೆ.

ಸಂಜೆಯ ಹೊತ್ತಿಗೆ ಚೀಟಿ ಬದಲಾಗಿತ್ತು. ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಕಡ್ಡಿ, ಯುಪಿಎಸ್. ಪ್ರೊಸೆಸರ್‌ನಲ್ಲಿ ಉಳಿದ ದುಡ್ಡಿಗೆ ಮೊದಲಿಗಿಂತ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್. ನಾಲ್ಕು ವರ್ಷದ ನಂತರ 1% ಲೋ ಇಳಿಯತೊಡಗಿದರೆ ಅದೇ ಬೋರ್ಡ್‌ಗೆ ಒಂದು ಎಕ್ಸ್3ಡಿ. ಬೋರ್ಡ್ ಆರಿಸುವಾಗ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯೇ ನೋಡು ಎಂದೆ. ಹೊಸ ಪ್ರೊಸೆಸರ್ ಗುರುತು ಹಿಡಿಯಲು ಬೋರ್ಡ್‌ಗೆ ಹೊಸ ಬಯಾಸ್, ಅಂದರೆ ಅದನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್, ಬೇಕಾಗುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗತೊಡಗಿದಾಗಲೂ ಪರಿಹಾರ ಬಂದದ್ದು ಬಯಾಸ್ ಮೂಲಕವೇ. ಕಂಪನಿ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಬಯಾಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಎದ್ದೇಳದೆ ಹೋಗಬಹುದು. ಆ ಬಟನ್ ಇದ್ದರೆ ಪೆನ್‌ಡ್ರೈವ್ ಹಾಕಿ ಮತ್ತೆ ಬರೆಯಬಹುದು.

"ಹಾಗಾದ್ರೆ ಮಳೆಗಾಲದಲ್ಲಿ ಅಪ್‌ಡೇಟ್ ಮಾಡ್ಬಾರ್ದು ಅಲ್ವಾ ಮಾವ?" ಅಂದ.

ಮಾಡಬಾರದು. ಜನವರಿಯಲ್ಲಿ, ಕಣದಲ್ಲಿ ಕಾಫಿ ಹರಡಿ ಬಿಸಿಲು ಬಿದ್ದ ಮೇಲೆ, ಯುಪಿಎಸ್ ತುಂಬ ಚಾರ್ಜ್ ಇದೆಯೇ ನೋಡಿ ಮಾಡಬೇಕು. ಅವನು ಚೀಟಿಯ ಹಿಂದೆ ಅದನ್ನೂ ಬರೆದುಕೊಂಡ.